ಹಾಳೂರಿನಲ್ಲಿ ಪುಸ್ತಕ ಮುಚ್ಚಬಾರದು

ಭಾನುವಾರ ಮಧ್ಯಾಹ್ನ ಹೊಟ್ಟೆ ತುಂಬ ಉಂಡು, ಫ್ಯಾನಿನ ಕೆಳಗೆ ಕೂತು, ಜಗತ್ತಿನ ದೊಡ್ಡ ದೊಡ್ಡ ಊರುಗಳು ಹೇಗೆ ಹಾಳಾದವು ಅಂತ ಮೊಬೈಲಿನಲ್ಲಿ ಓದೋಣ ಬನ್ನಿ ಎಂದು ಯಾರಾದರೂ ಕರೆದರೆ ನೀವು ಹೋಗುತ್ತೀರಾ? ನಾನೂ ಹೋಗುವವನಲ್ಲ. ಕರೆದವಳು ಗಾಳೆಮ್ಮ, ಅದಕ್ಕೆ ಹೋದೆ.

ಗಾಳೆಮ್ಮ ನನ್ನ ಹಳೆಯ ವಿದ್ಯಾರ್ಥಿನಿ. ನಾನು ಗೋವಿಂದರಾಜ, ಗಂಗಾವತಿಯವನು, ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಹೇಳಿ ನಿವೃತ್ತನಾದವನು. ಅದರಲ್ಲಿ ಆರು ವರ್ಷ ಯಲಬುರ್ಗಾದಲ್ಲಿದ್ದೆ. ಒಂಬತ್ತು ಕಿಲೋಮೀಟರ್ ದೂರದ ಹಳ್ಳಿಯಿಂದ ಬಸ್ಸಿಗೆ ಬಂದು, ಮೊದಲ ಬೆಂಚಿನಲ್ಲಿ ಕೂತು, ನನ್ನ ಪಾಠಕ್ಕಿಂತ ಒಂದು ಪ್ರಶ್ನೆ ಹೆಚ್ಚಿಗೆ ಇಟ್ಟುಕೊಂಡಿರುತ್ತಿದ್ದ ಹುಡುಗಿ ಇವಳು. ಸಾಮ್ರಾಜ್ಯದ ಪತನಕ್ಕೆ ಕಾರಣಗಳನ್ನು ನಾನು ಒಂದು, ಎರಡು, ಮೂರು ಎಂದು ಬರೆಸಿ ಡಸ್ಟರ್ ಕೈಗೆತ್ತಿಕೊಳ್ಳುವಷ್ಟರಲ್ಲಿ ಎದ್ದು ನಿಂತು, "ಸರ, ಮರುದಿವಸ ಮುಂಜಾನಿ ಮಂದಿ ಏನು ಮಾಡಿದ್ರು ರೀ?" ಎಂದು ಕೇಳುತ್ತಿದ್ದಳು. ಪರೀಕ್ಷೆಗೆ ಬರದ ಪ್ರಶ್ನೆ ಕೇಳಬೇಡ ಎಂದು ಕೂರಿಸುತ್ತಿದ್ದೆ.

ಈಗ ಅವಳಿಗೆ ನಲವತ್ತನಾಲ್ಕು. ಅದೇ ಹಳ್ಳಿಯ ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುತ್ತಾಳೆ. ಮದುವೆಯಾಗಿ ಹೋಗಿದ್ದವಳು ತಾಯಿ ತೀರಿಕೊಂಡ ಮೇಲೆ ಗಂಡನನ್ನೂ ಕರೆದುಕೊಂಡು ತವರಿಗೆ ಬಂದು ನಿಂತಳು. ಗಂಡ ಕಳಕಪ್ಪ ಹಿಟ್ನಾಳದ ಹೆದ್ದಾರಿಯಲ್ಲಿ ಲಾರಿ ರಿಪೇರಿ ಮಾಡುತ್ತಾನೆ, ಬಾಯಿ ಕಡಿಮೆ, ಹೆಂಡತಿ ಹೇಳಿದ್ದಕ್ಕೆಲ್ಲ ಹೂಂ ಅನ್ನುವ ಪುಣ್ಯಾತ್ಮ. ಗ್ರಂಥಾಲಯಕ್ಕೆ ಪೇಪರ್ ಓದಲು ಬರುವವರು ಹತ್ತು ಜನ, ಪುಸ್ತಕ ಒಯ್ಯುವವರು ಇಬ್ಬರು. ಆ ಇಬ್ಬರ ಸಲುವಾಗಿ ದಿನವೂ ಕಪಾಟು ಒರೆಸುತ್ತಾಳೆ.

ಜೂನ್ ತಿಂಗಳಲ್ಲಿ ಫೋನ್ ಮಾಡಿದಳು. "ಸರ, ಮೊಬೈಲಿನ್ಯಾಗ ಒಂದು ಪುಸ್ತಕದ ಬಳಗ ಮಾಡೀನ್ರಿ. ನೀವು ಬರಬೇಕ."

"ಏನು ಓದತೀರವಾ?"

"ಊರು ಹಾಳಾಗೂದು ರೀ."

ಯಾರೋ ಗ್ರಂಥಾಲಯಕ್ಕೆ ದಾನ ಕೊಟ್ಟ ಪೆಟ್ಟಿಗೆಯಲ್ಲಿ ದಪ್ಪನೆಯ ಪುಸ್ತಕವೊಂದು ಬಂದಿತ್ತಂತೆ. ಮುಖಪುಟ ಹರಿದಿತ್ತು. ಕಾಲುವೆಯ ನೀರು ನಂಬಿ ಬೆಳೆದು ಕೊನೆಗೆ ಉಪ್ಪು ಹತ್ತಿ ಸತ್ತ ನಗರ, ಕಾಡು ಕಡಿದು ಗಾಳಿಗೆ ಮಣ್ಣು ಕಳಕೊಂಡ ದ್ವೀಪ, ಬೇನೆ ಬಂದು ಬರಿದಾದ ಬಂದರು, ಹೀಗೆ ಅಧ್ಯಾಯಕ್ಕೊಂದು ನಾಶ. ಬಳಗಕ್ಕೆ 'ಹಾಳೂರು ಓದುಗರು' ಎಂದು ಹೆಸರಿಟ್ಟಿದ್ದಳು. ಹಳ್ಳಿಯಲ್ಲಿ ಆಗಲೇ ಸುದ್ದಿ ಹಬ್ಬಿ, ಲೈಬ್ರರಿ ಗಾಳವ್ವ ಊರು ಹಾಳು ಮಾಡುವ ಪುಸ್ತಕ ಓದುತ್ತಾಳೆ ಎಂದು ಪಂಚಾಯಿತಿ ಅಧ್ಯಕ್ಷರು ಕರೆದು ವಿಚಾರಿಸಿದ್ದರಂತೆ.

"ಯಾಕವಾ ಇದು? ಹಾಡಿನದೋ ಕತಿಯದೋ ಪುಸ್ತಕ ಹಿಡಿಬಾರದೇನು?" ಎಂದೆ.

"ಅಪ್ಪನ ಸಲುವಾಗಿ ರೀ ಸರ," ಎಂದಳು. ಆಮೇಲೆ ಎಲ್ಲ ಹೇಳಿದಳು. ಅರ್ಧ ನನಗೆ ಗೊತ್ತಿದ್ದದ್ದೇ.

ಅವಳ ತಂದೆ ಹೇಮಪ್ಪನವರಿಗೆ ಆರು ಎಕರೆ ಎರೆಹೊಲ. ಆದರೆ ಸುತ್ತಿನ ಹಳ್ಳಿಗಳಲ್ಲಿ ಅವರ ಹೆಸರಿದ್ದದ್ದು ಹೊಲದಿಂದಲ್ಲ, ದನಿಯಿಂದ. ಶ್ರಾವಣ ಬಂದರೆ ಊರ ಮಠದಲ್ಲಿ ಒಂದು ತಿಂಗಳು ಪುರಾಣ ಹಚ್ಚುತ್ತಾರೆ. ಸಂಜೆಯಾದರೆ ಒಬ್ಬರು ಪದ್ಯ ಓದುವುದು, ಇನ್ನೊಬ್ಬರು ಅರ್ಥ ಹೇಳುವುದು, ಊರೆಲ್ಲ ಕೂತು ಕೇಳುವುದು. ಓದುವ ಪೀಠ ಹೇಮಪ್ಪನವರದು. ಯಲಬುರ್ಗಾದಲ್ಲಿದ್ದಾಗ ನಾನೂ ಒಂದು ಸಲ ಹೋಗಿ ಕೇಳಿದ್ದೇನೆ. ಅರ್ಥ ಹೇಳುವವರು ಬೇಕಾಗಿರಲಿಲ್ಲ, ದನಿಯಲ್ಲೇ ಎಲ್ಲ ತಿಳಿಯುತ್ತಿತ್ತು.

ಪುರಾಣ ಓದುವವರಿಗೆ ಒಂದು ಕಟ್ಟುಪಾಡಿದೆ. ಅವತ್ತಿನ ಓದನ್ನು ಶುಭದ ಜಾಗದಲ್ಲೇ ನಿಲ್ಲಿಸಬೇಕು. ಮದುವೆಯೋ, ಮಗು ಹುಟ್ಟಿದ್ದೋ, ಹೋದವರು ತಿರುಗಿ ಬಂದದ್ದೋ, ಅಂಥದೊಂದು ಸಿಗುವ ತನಕ ಓದುತ್ತ ಹೋಗಬೇಕು. ಸಾವಿನಲ್ಲಿ, ಸೋಲಿನಲ್ಲಿ, ಊರು ಹಾಳಾದಲ್ಲಿ ಪುಸ್ತಕ ಮುಚ್ಚುವಂತಿಲ್ಲ. ಮನೆಯಲ್ಲಿ ಮಾಡಿಟ್ಟ ಅಡುಗೆ ಆರಿದರೆ ಆರಲಿ. ಓದು ಮುಗಿದು ಎಲ್ಲರೂ ಎದ್ದರೂ ಎರಡನೆಯ ಕಂಬಕ್ಕೆ ಒರಗಿ ಕೂತ ಒಬ್ಬ ಹೆಂಗಸು ಮಾತ್ರ ಏಳುತ್ತಿರಲಿಲ್ಲ. ಅವರು ಹೇಮಪ್ಪನವರ ಹೆಂಡತಿ ಶಿವಬಸಮ್ಮ. ಗಂಡ ಪುಸ್ತಕ ಕಟ್ಟಿಟ್ಟು, ಅತ್ತ ನೋಡಿ, "ಮುಗೀತು, ಏಳಿನ್ನ," ಎಂದ ಮೇಲೆಯೇ ಅವರು ಎದ್ದು ಸೆರಗು ಕೊಡವಿಕೊಳ್ಳುತ್ತಿದ್ದದ್ದು. ಗಂಡ ಹೇಳದೆ ಪುರಾಣ ಮುಗಿಯುವುದಿಲ್ಲವೇನು ಎಂದು ಊರ ಹೆಂಗಸರು ಕಾಡಿಸುತ್ತಿದ್ದರು.

ಹದಿನೆಂಟು ವರ್ಷದ ಹಿಂದಿನ ಶ್ರಾವಣ. ಮಳೆ ಕೈಕೊಟ್ಟಿತ್ತು. ಆ ಸಂಜೆಯ ಓದಿನಲ್ಲೂ ಮಳೆಯಿಲ್ಲ. ಪುರಾಣದ ಊರಿನ ಮಂದಿ ಗಂಟು ಮೂಟೆ ಕಟ್ಟಿ ಹೊರಡುತ್ತಾರೆ, ಕೊನೆಗೆ ಒಬ್ಬ ಮುದುಕಿ ತನ್ನ ಒಲೆಗೆ ನೀರು ಚಿಮುಕಿಸಿ, ಬೂದಿಯ ಮೇಲೆ ಕೈಯಿಟ್ಟು ಕೂರುತ್ತಾಳೆ. ಅಷ್ಟು ಓದುವುದಕ್ಕೂ ಹೊರಗೆ ಮಳೆ ಹೊಡೆಯುವುದಕ್ಕೂ ಸರಿಹೋಯಿತು. ಮಠದಲ್ಲಿದ್ದವರೆಲ್ಲ ಹೋ ಎಂದು ಎದ್ದರು. ಇದಕ್ಕಿಂತ ಶುಭ ಯಾವುದು, ಪುರಾಣಕ್ಕೆ ದೇವರೇ ಮಂಗಳ ಹಾಡಿದ ಎಂದರು. ಹೇಮಪ್ಪನವರಿಗೂ ಹಾಗೇ ಅನಿಸಿತು. ಆಕಾಶದ ಮಳೆಯನ್ನು ಪುಸ್ತಕದ ಮಳೆಯೆಂದು ಲೆಕ್ಕ ಹಿಡಿದು, ಕೈಗೆ ಸಿಕ್ಕ ಜೋಳದ ಎಲೆಯೊಂದನ್ನು ಗುರುತಿಗಿಟ್ಟು ಪುಸ್ತಕ ಮುಚ್ಚಿಬಿಟ್ಟರು. ಶಿವಬಸಮ್ಮ ಒಬ್ಬರೇ ಕಂಬದ ಹತ್ತಿರ ಕೂತೇ ಇದ್ದರು. ಹೇಮಪ್ಪನವರು ಬಾಗಿಲಿನಿಂದಲೇ, "ಉಳಿದದ್ದು ನಾಳಿ ಓದತೀನಿ, ನಡಿ," ಎಂದು ಕೂಗಿ ಮಳೆಯೊಳಗೆ ಓಡಿದರು.

ಮರುದಿನ ಮುಂಜಾನೆ ಹಸಿ ಹೊಲ ನೋಡಲು ಹೋದ ಶಿವಬಸಮ್ಮನಿಗೆ ಬದುವಿನಲ್ಲಿ ಹಾವು ಕಚ್ಚಿತು. ಕೊಪ್ಪಳ ಮುಟ್ಟುವ ಮುಂಚೆಯೇ ತೀರಿಕೊಂಡರು.

ಯಾರೂ ಹೇಮಪ್ಪನವರನ್ನು ಒಂದು ಮಾತು ಅನ್ನಲಿಲ್ಲ. ಅವರೇ ಅಂದುಕೊಂಡರು. ಆ ಶ್ರಾವಣ ಕುಕನೂರಿನ ಕಡೆಯಿಂದ ಬೇರೆಯವರು ಬಂದು ಪುರಾಣ ಮುಗಿಸಿದರು, ಇವರು ಕೇಳಲು ಹೋಗಲಿಲ್ಲ. ತಮ್ಮ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ಜಂತಿಗೆ ಕಟ್ಟಿದರು. ಅಂದಿನಿಂದ ಒಂದಕ್ಷರ ಗಟ್ಟಿಯಾಗಿ ಓದಿದವರಲ್ಲ. ಕರೆಂಟಿನ ಬಿಲ್ಲು ಬಂದರೂ ಮಗಳ ಕೈಗೆ ಕೊಟ್ಟು ನೀನೇ ಓದವಾ ಎನ್ನುತ್ತಾರೆ.

"ಎಲ್ಲಾ ಮಾಡಿ ನೋಡೀನ್ರಿ ಸರ," ಎಂದಳು ಗಾಳೆಮ್ಮ. "ಪುರಾಣ ಅಂದ್ರ ಎದ್ದು ಹೋಗತಾನ. ಹೋದ ತಿಂಗಳ ಕಟ್ಟಿ ಮ್ಯಾಲ ಕುಂತು ಈ ಪುಸ್ತಕ ಸುಮ್ನ ಗಟ್ಟಿಯಾಗಿ ಓದಾಕತ್ತಿದ್ದೆ. ಉಪ್ಪು ಹತ್ತಿದ ಊರಿಂದು. ಮಂದಿ ಊರು ಬಿಟ್ಟ್ರು ಅಂತ ಓದಿ ಮುಚ್ಚಿದೆ ನೋಡ್ರಿ, ಅಪ್ಪ ತಟ್ಟನ ತಲಿ ಎತ್ತಿ, 'ಅಲ್ಲಿಗೆ ನಿಲ್ಲಿಸಬ್ಯಾಡವಾ, ಮುಂದ ಓದು' ಅಂದ. ಹದಿನೆಂಟು ವರ್ಸದಾಗ ಪುಸ್ತಕದ ಬಗ್ಗೆ ಮಾತಾಡಿದ್ದು ಅದs ಮೊದಲು. ಇದರಾಗ ಒಂದು ಪುಟಾನೂ ಶುಭ ಇಲ್ಲ. ನಾಲ್ಕು ಮಂದಿ ಕುಂತು ಕೇಳಿ, ಅಲ್ಲಲ್ಲೇ ಬಿಟ್ಟು ಎದ್ರ, ಒಂದಿನ ತಡಿಲಾರದ ತಾನs ಬಂದು ಓದತಾನ. ಅಪ್ಪನ ದನಿ ಒಮ್ಮಿ ಕೇಳಬೇಕ್ರಿ. ಅಷ್ಟs ನನಗ."

ಇಂಥ ಉಪಾಯ ಯಾವ ಶಿಕ್ಷಣಶಾಸ್ತ್ರದಲ್ಲೂ ಇಲ್ಲ. ಆದರೂ ಹೂಂ ಎಂದೆ.

ಬಳಗ ಎಂದರೆ ನಾವು ನಾಲ್ಕು ಜನ. ಗಾಳೆಮ್ಮ, ನಾನು, ಕುಷ್ಟಗಿಯಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟಿರುವ ಶರಣಕುಮಾರ, ಗಿಣಿಗೇರಾದ ಜೈನಾಬೀ. ಶರಣಕುಮಾರ ಅಂಗಡಿಯಲ್ಲೇ ಕೂತು ಸೇರುತ್ತಿದ್ದ. ಒಂದು ಮಹಾನಗರ ಪ್ರಾಣ ಬಿಡುತ್ತಿರುವಾಗ ಅವನ ಕಡೆಯಿಂದ ಯಾರೋ ಎರಡು ಚೀಲ ಯೂರಿಯಾ ಕೇಳುತ್ತಿದ್ದರು. ಜೈನಾಬೀ ಗಾಳೆಮ್ಮನ ಊರಿನ ಮಗಳು, ಗಿಣಿಗೇರಾಕ್ಕೆ ಕೊಟ್ಟದ್ದು. ಗಂಡ ಕಾರ್ಖಾನೆಯ ಪಾಳಿಗೆ ಹೋಗುತ್ತಾನೆ, ಇವಳು ಮನೆಯಲ್ಲಿ ಕಾರ್ಮಿಕರಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಾಳೆ. ಮೊಬೈಲನ್ನು ಹಿಟ್ಟಿನ ಡಬ್ಬಿಗೆ ಆನಿಸಿ, ರೊಟ್ಟಿ ಬಡಿಯುತ್ತಲೇ ಕೇಳುತ್ತಿದ್ದಳು. ನಾವು ದನಿ ಬಂದ್ ಮಾಡು ಎನ್ನುವ ತನಕ ಎಲ್ಲ ಪತನಗಳಿಗೂ ಅವಳ ತಾಳವಿತ್ತು.

ಪುಕ್ಕಟೆ ಸಿಗುವ ಆ ವಿಡಿಯೋ ಮೀಟಿಂಗಿಗೆ ನಲವತ್ತೇ ನಿಮಿಷ ಆಯುಷ್ಯ, ಆಮೇಲೆ ತಾನೇ ಕಡಿದುಹೋಗುತ್ತದೆ. ಅದೇ ಲಿಂಕು ಒತ್ತಿದರೆ ಮತ್ತೆ ಕೂಡಬಹುದು. ಗಾಳೆಮ್ಮ ಬೇಕೆಂತಲೇ ಕೂಡಿಸುತ್ತಿರಲಿಲ್ಲ. ಮೊದಲ ಭಾನುವಾರ ಉಪ್ಪಿನ ಊರು. ಅವಳ ಹಿಂದೆ ಹೇಮಪ್ಪನವರು ಗೋಡೆಗೊರಗಿ ಶೇಂಗಾ ಸುಲಿಯುತ್ತ ಕೂತಿದ್ದು ಕಾಣುತ್ತಿತ್ತು. ನಾನು ಕಾರಣಗಳ ಪಟ್ಟಿ ಬರೆದುಕೊಂಡು ಸಿದ್ಧನಾಗಿದ್ದೆ. ಮೂರನೆಯ ಕಾರಣಕ್ಕೆ ಬರುವಷ್ಟರಲ್ಲಿ ಪರದೆ ಕಪ್ಪಾಯಿತು. ಎರಡನೆಯ ಭಾನುವಾರ ದ್ವೀಪದ ಕೊನೆಯ ಮರ ಬಿದ್ದಲ್ಲಿಗೆ ಕಡಿಯಿತು. ಶೇಂಗಾ ಸುಲಿಯುವ ಕೈ ನಿಂತಿತ್ತು ಎಂದು ಗಾಳೆಮ್ಮ ಫೋನ್ ಮಾಡಿ ಖುಷಿಪಟ್ಟಳು.

ಮೂರನೆಯ ಭಾನುವಾರ ಬೇನೆ ಬಂದ ಬಂದರಿನದು. ಗಾಳೆಮ್ಮ ನಮಗೆಲ್ಲ ಕಳಿಸಿದ್ದ ಜೆರಾಕ್ಸ್ ಪ್ರತಿ ಹಿಡಿದು ಆ ಅಧ್ಯಾಯ ಜೈನಾಬೀ ಓದುತ್ತಿದ್ದಳು. ಒಂದೊಂದೇ ಓಣಿ ಖಾಲಿಯಾಗುತ್ತ ಬಂತು. ಇದ್ದಕ್ಕಿದ್ದಂತೆ ಹೇಮಪ್ಪನವರ ಮುಖ ಪರದೆಯ ತುಂಬ ಬಂತು. "ಬೇ ಜೈನಾಬಿ, ಅಲ್ಲಿಗೆ ಬಿಡಬ್ಯಾಡ. ಲಗೂನ ಓದು. ಯಾರರೆ ಒಬ್ರು ಉಳದಿರತಾರ ನೋಡು," ಎಂದರು. ಅವಳು ಗಾಬರಿಯಾಗಿ ಪುಟ ಮಗುಚಿದಳು. ನಲವತ್ತನೆಯ ನಿಮಿಷ ತುಂಬಿತು.

ಸೋಮವಾರದಿಂದ ಜೈನಾಬೀಯ ಫೋನು ಹತ್ತಲಿಲ್ಲ. ಮಂಗಳವಾರವೂ ಇಲ್ಲ, ಬುಧವಾರವೂ ಇಲ್ಲ. ಗುರುವಾರ ಮುಂಜಾನೆ ಗಾಳೆಮ್ಮ ಅಳುತ್ತ ಫೋನ್ ಮಾಡಿದಳು. ಹೇಮಪ್ಪನವರು ಮೂರು ದಿನ ಸರಿಯಾಗಿ ಉಂಡಿರಲಿಲ್ಲ. ಅವತ್ತು ಮೊದಲ ಬಸ್ಸಿಗೆ ಯಾರಿಗೂ ಹೇಳದೆ ಹೋಗಿಬಿಟ್ಟಿದ್ದರು.

"ಗಿಣಿಗೇರಾಕ್ಕ ಹೋಗ್ಯಾನ್ರಿ ಸರ, ಕಂಡಕ್ಟರ್ ಹೇಳಿದ. ಆ ಹುಡುಗಿಗೆ ಏನರೆ ಆಗಿದ್ರ ಅಪ್ಪ ಉಳಿಯಂಗಿಲ್ಲ. ನಾನು ಭಾಳ ಶ್ಯಾಣ್ಯಾಕಿ ಆಗಾಕ ಹೋದೆ. ಗಾಯದ ಮ್ಯಾಲ ಗಾಯ ಮಾಡಿದೆ."

ಗಂಗಾವತಿಯಿಂದ ಕೊಪ್ಪಳದ ಬಸ್ಸು ಹತ್ತಿದರೆ ಗಿಣಿಗೇರಾ ದಾರಿಯಲ್ಲೇ ಸಿಗುತ್ತದೆ. ಹೋದೆ. ಬಸ್ಸಿನ ತುಂಬ ನನ್ನನ್ನೇ ಬೈದುಕೊಂಡೆ. ಬುದ್ಧಿ ಹೇಳಬೇಕಾದ ವಯಸ್ಸಿನಲ್ಲಿ ನಾನೂ ಹೂಂಗುಟ್ಟಿದ್ದೆನಲ್ಲ.

ಜೈನಾಬೀಯ ಮನೆ ಹುಡುಕುವುದು ಕಷ್ಟವಾಗಲಿಲ್ಲ, ರೊಟ್ಟಿ ಬಡಿಯುವ ಸಪ್ಪಳ ಓಣಿಯ ತುದಿಗೇ ಕೇಳಿತು. ಹೊರಗಿನ ಕಟ್ಟೆಯ ಮೇಲೆ ಹೇಮಪ್ಪನವರು ಕೂತಿದ್ದರು. ಕೈಯಲ್ಲಿ ಚಹಾದ ಬಟ್ಟಲು, ಚಹಾ ಆರಿಹೋಗಿತ್ತು. ಜೈನಾಬೀ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ನನ್ನನ್ನು ನೋಡಿ ನಕ್ಕಳು.

"ನೀವೂ ಬಂದ್ರೇನ್ರಿ ಸರ? ಮೊಬೈಲು ಹಿಟ್ಟು ನಾದೂ ಬಿಸಿನೀರಾಗ ಬಿತ್ತು ನೋಡ್ರಿ. ರಿಪೇರಿಗೆ ಕೊಟ್ಟೀನಿ. ಅಷ್ಟಕ್ಕ ಅಜ್ಜಾರು ಮೂರು ತಾಸು ಬಸ್ಸಿನ್ಯಾಗ ಬಂದಾರ."

ಹೇಮಪ್ಪನವರು ನಗಲಿಲ್ಲ. "ಈ ಸಲ ನೀರಾಗ ಮೊಬೈಲು ಬಿತ್ತು. ಮುಂದಿನ ಸಲ ಏನೋ. ಹಾಳೂರಾಗ ಪುಸ್ತಕ ಮುಚ್ಚಬಾರದವಾ. ನಾ ಒಮ್ಮಿ ಮುಚ್ಚಿ..." ಎಂದು ಅಲ್ಲಿಗೇ ನಿಲ್ಲಿಸಿದರು.

ಜೈನಾಬೀ ಕೈ ತೊಳೆದುಕೊಂಡು ಬಂದು ಅವರ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಅವಳಿಗೀಗ ಮೂವತ್ತೈದು. ಆ ಶ್ರಾವಣದಲ್ಲಿ ಹದಿನೇಳು.

"ಅಜ್ಜಾರ, ಅವತ್ತು ನಾನೂ ಮಠದಾಗ ಇದ್ದೆ. ಶಿವಬಸಮ್ಮನ ಬಗಲಿಗೇ ಕುಂತಿದ್ದೆ. ನೀವು ಓಡಿದ ಮ್ಯಾಲ ಶಿವಬಸಮ್ಮ, ನಾನು ಕೂಡೇ ಮನಿಗೆ ಹೋದಿವಿ, ಒಂದs ಗೋಣಿಚೀಲ ತಲಿಮ್ಯಾಲ ಹಾಕ್ಕೊಂಡು. ಅಮ್ಮ ಏನಂದಳು ಗೊತ್ತೈತೇನ್ರಿ?"

ಅವರು ತಲೆ ಅಲ್ಲಾಡಿಸಿದರು.

"ಅಂಜಿಕಿ ಏನೂ ಇರಲಿಲ್ಲರಿ ಆಕಿಗೆ. ನಕ್ಕೋಂತ ಬಂದಳು. 'ಆ ಮುದುಕಿ ಮತ್ತ ಒಲಿ ಹಚ್ಚತಾಳೋ ಇಲ್ಲೋ ಜೈನಾ? ನಮ್ಮವರು ಮಳಿ ಬಂತಂತ ಮುದುಕಿನ್ನ ಅಲ್ಲೇ ಕುಂದರಿಸಿ ಓಡಿದ್ರು ನೋಡು. ನಾಳಿ ಲಗೂನ ಬಾ, ಮುಂದ ಕುಂದರೂಣು' ಅಂದಳು." ಜೈನಾಬೀ ಕಣ್ಣು ಒರೆಸಿಕೊಂಡಳು. "ಅಜ್ಜಾರ, ಅವತ್ತು ನೀವು ಮುಚ್ಚಿದ್ದಕ್ಕ ಏನೂ ಆಗಿಲ್ಲ. ಹಾವಿಗೇನು ಗೊತ್ತು ಪುರಾಣ? ಆದ್ರ ಹದಿನೆಂಟು ವರ್ಸ ತೆರೀಲೇ ಇಲ್ಲಲ್ಲರಿ. ಆ ಮುದುಕಿ ಇನ್ನೂ ಬೂದಿ ಮ್ಯಾಲ ಕೈಯಿಟ್ಟು ಹಂಗs ಕುಂತಾಳ. ಕೇಳಾಕಿನೂ ಹಂಗs ಕುಂತಾಳ."

ನಾನು ಹೇಮಪ್ಪನವರ ಕೈಯಿಂದ ಬಟ್ಟಲು ತೆಗೆದುಕೊಂಡು, ಬೇರೆ ಚಹಾ ತರುವಂತೆ ಜೈನಾಬೀಗೆ ಹೇಳಿದೆ. ಅವರು ಕುಡಿದರು. ಎರಡು ರೊಟ್ಟಿಯನ್ನೂ ತಿಂದರು. ಕೊಪ್ಪಳದ ತನಕ ಜೊತೆಗೆ ಹೋಗಿ ಯಲಬುರ್ಗಾದ ಬಸ್ಸಿಗೆ ಹತ್ತಿಸಿದೆ. ಬಸ್ಸು ಹೊರಡುವಾಗ ಕಿಟಕಿಯಿಂದ ಬಗ್ಗಿ, "ಮಾಸ್ತರ, ಆ ಮೀಟಿಂಗು ಎಷ್ಟು ಹೊತ್ತಿಂದು?" ಎಂದು ಕೇಳಿದರು.

"ನಲವತ್ತು ನಿಮಿಷ ರೀ."

"ಸಾಲಂಗಿಲ್ಲ," ಎಂದರು.

ಮುಂದಿನ ಭಾನುವಾರ ಮೂರು ಗಂಟೆಗೆ ನಾನು ಹತ್ತು ನಿಮಿಷ ಮುಂಚೆಯೇ ಕೂತೆ. ಪರದೆ ತೆರೆದಾಗ ಅತ್ತ ಗಾಳೆಮ್ಮ ಕಾಣಲಿಲ್ಲ. ಹೇಮಪ್ಪನವರು ತೊಳೆದ ಅಂಗಿ ತೊಟ್ಟು, ಹಣೆಗೆ ವಿಭೂತಿ ಹಚ್ಚಿ, ಚಾಪೆಯ ಮೇಲೆ ಕೂತಿದ್ದರು. ಜಂತಿಯಿಂದ ಇಳಿಸಿದ ಗಂಟು ಮುಂದಿತ್ತು. ಬಟ್ಟೆ ಬಿಚ್ಚಿ ಪುಸ್ತಕ ತೆರೆದರು. ಜೋಳದ ಎಲೆ ಪುಡಿಪುಡಿಯಾಗಿ ಪುಟದ ಮೇಲೆ ಉದುರಿತು. ಅದನ್ನು ಊದದೆ, ಬೆರಳಿನಿಂದ ಒಂದು ಬದಿಗೆ ಸರಿಸಿ, ಕನ್ನಡಕ ಏರಿಸಿಕೊಂಡರು.

ದನಿ ಮೊದಲು ಎದ್ದೇಳಲಿಲ್ಲ. ಕೆಮ್ಮಿದರು. ಎರಡನೆಯ ಸಾಲಿಗೆ ಒಡೆಯಿತು, ಮೂರನೆಯದಕ್ಕೆ ತೊದಲಿತು. ಕುಷ್ಟಗಿಯಲ್ಲಿ ಶರಣಕುಮಾರ ಎದ್ದು ಅಂಗಡಿಯ ಬಾಗಿಲು ಎಳೆದುಕೊಂಡದ್ದು ಕಂಡಿತು. ಗಿಣಿಗೇರಾದಲ್ಲಿ ರೊಟ್ಟಿಯ ಸಪ್ಪಳ ನಿಂತಿತ್ತು. ಏಳೆಂಟು ಪದ್ಯ ಆಗುವಷ್ಟರಲ್ಲಿ ದನಿ ತನ್ನ ಹಳೆಯ ಜಾಡಿಗೆ ಬಿತ್ತು. ಮುಪ್ಪಾಗಿತ್ತು, ತುದಿ ಸವೆದಿತ್ತು, ಆದರೆ ಅದೇ ದನಿ. ಮೊಬೈಲಿನ ಹಿಂದೆ ಎಲ್ಲೋ ಗಾಳೆಮ್ಮ ಬಿಕ್ಕಿದ್ದು ಕೇಳಿತು.

ಆದರೆ ಶುಭ ಬರಲೊಲ್ಲದು. ಹಾಳೂರಿನ ಬಣ್ಣನೆಯೇ ಎಷ್ಟು ಪದ್ಯ! ಬತ್ತಿದ ಬಾವಿ, ಗೂಟದಲ್ಲಿ ಉಳಿದ ಹಗ್ಗ, ಬೀಸುವ ಕಲ್ಲಿನ ಮೇಲೆ ಕಟ್ಟಿದ ಜೇಡರ ಬಲೆ. ನಾನು ಗಡಿಯಾರ ನೋಡುತ್ತಿದ್ದೆ. ಮೂವತ್ತು ನಿಮಿಷ. ಮೂವತ್ತೈದು. ಇತಿಹಾಸದ ಯಾವ ಯುದ್ಧಕ್ಕೂ ನಾನು ಇಷ್ಟು ತಳಮಳಪಟ್ಟವನಲ್ಲ. ಮೂವತ್ತೊಂಬತ್ತನೆಯ ನಿಮಿಷಕ್ಕೆ ಮುದುಕಿ ಬೂದಿಯಿಂದ ಕೈ ತೆಗೆದು ದಾರಿಯ ಕಡೆ ಕಿವಿಗೊಟ್ಟಳು. ಪರದೆ ಕಪ್ಪಾಯಿತು.

ಲಿಂಕು ಒತ್ತಿದೆ. ಒಂದು ಸಲ ತಪ್ಪಿತು. ಮತ್ತೆ ಒತ್ತಿದೆ. ಕುಷ್ಟಗಿ ಬಂತು, ಗಿಣಿಗೇರಾ ಬಂತು, ಕೊನೆಗೆ ಹಳ್ಳಿ ಬಂತು. ನಮ್ಮ ಕರೆ ಕಡಿದದ್ದೇ ಹೇಮಪ್ಪನವರಿಗೆ ಗೊತ್ತಿರಲಿಲ್ಲ. ಮಗಳು ಮಗ್ಗುಲಿನಿಂದ ಕೈಚಾಚಿ ಮೊಬೈಲು ಒತ್ತುತ್ತಿದ್ದರೂ ಅವರು ತಲೆ ಎತ್ತಿರಲಿಲ್ಲ. ಕಪ್ಪು ಪರದೆಯ ಮುಂದೆಯೂ ಓದುತ್ತಲೇ ಇದ್ದರು. ನಡುವಿನ ನಾಲ್ಕಾರು ಪದ್ಯ ನಮ್ಮ ಪಾಲಿಗೆ ಸಿಗಲಿಲ್ಲ. ನಾವು ಒಳಗೆ ಬರುವಷ್ಟರಲ್ಲಿ ಊರ ಬಾಗಿಲಲ್ಲಿ ಯಾವುದೋ ಒಂದು ಕೂಸಿನ ಅಳು ಕೇಳಿ, ಮುದುಕಿ ಸೆರಗಿನಲ್ಲಿ ಕಟ್ಟಿಟ್ಟಿದ್ದ ಒಣ ಕಡ್ಡಿ ಬಿಚ್ಚಿದ್ದಳು. ಒಲೆ ಹೊತ್ತಿತು. ಬಿಟ್ಟು ಹೋದವರು ದೂರದಿಂದ ಹೊಗೆ ಕಂಡು ತಿರುಗಿದರು. ಆಮೇಲೆ, ಕಟ್ಟಕಡೆಗೆ, ಪುಸ್ತಕದೊಳಗೂ ಮಳೆ ಬಂತು.

ಮೂವತ್ತು ವರ್ಷದ ಹಿಂದೆ ಮೊದಲ ಬೆಂಚಿನ ಹುಡುಗಿ ಕೇಳಿದ್ದಕ್ಕೆ ಉತ್ತರ ನನಗೆ ಅವತ್ತು ಸಿಕ್ಕಿತು. ಮರುದಿವಸ ಮುಂಜಾನೆ ಮಂದಿ ಒಲೆ ಹಚ್ಚಿದರು.

ಹೇಮಪ್ಪನವರು ಪುಸ್ತಕ ಮುಚ್ಚಿ ಕಣ್ಣಿಗೊತ್ತಿಕೊಂಡರು. ನಿಧಾನಕ್ಕೆ ಬಟ್ಟೆ ಸುತ್ತಿ ಕಟ್ಟಿದರು. ನಾವೆಲ್ಲ ಅವರು ಏನಾದರೂ ಹೇಳುತ್ತಾರೆಂದು ಕಾದೆವು. ಅವರು ನಮ್ಮ ಕಡೆ ನೋಡಲಿಲ್ಲ. ಬಲಗಡೆಗೆ, ಚಾಪೆಯ ಆಚೆ, ಮನೆಯ ನಡುಗಂಬದ ಕಡೆ ಮುಖ ತಿರುಗಿಸಿದರು. ಅಲ್ಲಿ ಯಾರೂ ಇರಲಿಲ್ಲ.

"ಮುಗೀತು ಶಿವಬಸಮ್ಮ," ಎಂದರು. "ಏಳಿನ್ನ."